ಪಿಯುಸಿ ವಿಜ್ಞಾನಕ್ಕೆ ಪುಸ್ತಕ ಕೊಳ್ಳುವ ಮುನ್ನ

ಮಗಳು ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರಿದ್ದಾಳೆ. ಕಾಲೇಜು ಶುರುವಾಗುತ್ತಲೇ ಪುಸ್ತಕಗಳ ಪಟ್ಟಿ ಮನೆಗೆ ಬಂದಿದೆ. ವಿಷಯಕ್ಕೊಂದು ಗೈಡ್, ಅಭ್ಯಾಸ ಪುಸ್ತಕ, ಸಿಇಟಿಗೆ ಬೇರೆ, ನೀಟ್‌ಗೆ ಬೇರೆ. ಈ ಸಲದ ಬಟವಾಡೆಯಲ್ಲಿ ಪಶು ಆಹಾರದ ಹಣ ಕಳೆದು ಉಳಿದದ್ದೆಷ್ಟು ಎಂದು ನೀವು ಲೆಕ್ಕ ಹಾಕುತ್ತೀರಿ. ಕೊನೆಗೆ ‘ನಾನು ಓದಿದ್ದೇ ಏಳನೇ ಕ್ಲಾಸು, ನನಗೇನು ತಿಳಿಯುತ್ತೆ’ ಎಂದುಕೊಂಡು, ಅಂಗಡಿಯವರು ಕೊಟ್ಟದ್ದನ್ನೆಲ್ಲ ತರುತ್ತೀರಿ.

ಸಹೋದರಿಯರೇ, ಭೌತಶಾಸ್ತ್ರ ಬಾರದಿದ್ದರೂ ಪುಸ್ತಕ ಆರಿಸಬಹುದು. ಮೂಟೆ ದೊಡ್ಡದೆಂದು ನೀವು ಪಶು ಆಹಾರ ಕೊಳ್ಳುವುದಿಲ್ಲವಲ್ಲ, ಇಲ್ಲೂ ಹಾಗೆಯೇ.

ಮೊದಲು ಪಠ್ಯಪುಸ್ತಕ

ನಮ್ಮ ರಾಜ್ಯದ ಪಿಯುಸಿ ವಿಜ್ಞಾನ, ಗಣಿತಕ್ಕೆ ಎನ್‌ಸಿಇಆರ್‌ಟಿ ಪಠ್ಯವೇ ಇದೆ. ಪ್ರತಿ ಪಾಠದ ಕೊನೆಯ ಲೆಕ್ಕಗಳನ್ನು ಮುಗಿಸದೆ ಬೇರೆ ಪುಸ್ತಕಕ್ಕೆ ಕೈಹಾಕುವುದು ಬೇಡ. ಮೊದಲ ತಿಂಗಳು ಬೇರೇನೂ ಕೊಳ್ಳದಿದ್ದರೆ ನಷ್ಟವಿಲ್ಲ. ಯಾವ ವಿಷಯದಲ್ಲಿ ಹೆಚ್ಚು ಅಭ್ಯಾಸ ಬೇಕೆಂಬುದು ಆ ಹೊತ್ತಿಗೆ ಅವಳಿಗೇ ತಿಳಿದಿರುತ್ತದೆ.

ಅಂಗಡಿಯಲ್ಲಿ ನೋಡಬೇಕಾದ್ದು

ಮಗಳನ್ನೂ ಪಠ್ಯಪುಸ್ತಕವನ್ನೂ ಜೊತೆಗೆ ಕರೆದೊಯ್ಯಿರಿ.

ಪರಿವಿಡಿ: ಎರಡೂ ಪುಸ್ತಕಗಳ ಪಾಠಗಳ ಪಟ್ಟಿಯನ್ನು ಅವಳಿಂದ ಹೋಲಿಸಿ ನೋಡಿಸಿ. 2022ರಲ್ಲಿ ಎನ್‌ಸಿಇಆರ್‌ಟಿ ಹಲವು ಪಾಠಗಳನ್ನು ಕೈಬಿಟ್ಟಿತು. ಉದಾಹರಣೆಗೆ, ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಸಾಲಿಡ್ ಸ್ಟೇಟ್ ಮತ್ತು ಪಾಲಿಮರ್ಸ್ ಪಾಠಗಳು. ಅಕ್ಕನ ಮಗನ ಹಳೆಯ ಪುಸ್ತಕ ಸಿಕ್ಕರೆ ಬಿಡಬೇಡಿ, ಆದರೆ ಈಗ ಇಲ್ಲದ ಪಾಠಗಳ ಮೇಲೆ ಪೆನ್ಸಿಲ್ ಗೆರೆ ಎಳೆಸಿ. ನೀಟ್ ಬರೆಯುವವರು ಆಯಾ ವರ್ಷದ ನೀಟ್ ಪಠ್ಯಕ್ರಮವನ್ನು ಬೇರೆಯಾಗಿ ನೋಡಿಕೊಳ್ಳಬೇಕು.

ಉತ್ತರ: ಕೊನೆಯ ಪುಟದಲ್ಲಿ ಬರೀ ‘ಎ, ಸಿ, ಬಿ’ ಎಂದಿದ್ದರೆ ಸಾಲದು. ಲೆಕ್ಕ ಹೇಗೆ ಬಿಡಿಸಬೇಕೆಂದು ಹಂತ ಹಂತವಾಗಿ ಬರೆದಿರಬೇಕು. ಟ್ಯೂಷನ್ ಇಲ್ಲದ ಹಳ್ಳಿಯಲ್ಲಿ ತಪ್ಪು ತಿದ್ದುವ ಮೇಷ್ಟರು ಆ ಪುಟಗಳೇ.

ಮಟ್ಟ: ಈಗಾಗಲೇ ಓದಿರುವ ಪಾಠದಿಂದ ಹತ್ತು ಪ್ರಶ್ನೆ ನೋಡಲು ಹೇಳಿ. ಐದಾರು ಬಂದರೆ ಪುಸ್ತಕ ಸರಿ. ಹತ್ತೂ ಸಲೀಸಾದರೆ ಹಣ ದಂಡ. ಒಂದೂ ಬರದಿದ್ದರೆ ಆ ಪುಸ್ತಕಕ್ಕೆ ಇನ್ನೂ ಕಾಲವಿದೆ.

ಭಾಷೆ: ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಇಂಗ್ಲಿಷ್ ವಾಕ್ಯ ಸರಳವಾಗಿರಬೇಕು. ಹೊಸ ಪದಗಳನ್ನು ಅರ್ಥದ ಸಮೇತ ಬರೆದಿಡಲು ಒಂದು ನೋಟ್‌ಬುಕ್ ಕೊಡಿಸಿ.

ಯಾವ ಪರೀಕ್ಷೆಗೆ?

ವಾರ್ಷಿಕ ಪರೀಕ್ಷೆಯಲ್ಲಿ ಹಂತಗಳನ್ನು ಬರೆದು ತೋರಿಸಬೇಕು. ಸಿಇಟಿಯಲ್ಲಿ ಒಂದು ವಿಷಯಕ್ಕೆ 80 ನಿಮಿಷದಲ್ಲಿ 60 ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನೀಟ್‌ನಲ್ಲಿ ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ವೈದ್ಯಕೀಯದ ಆಸೆ ಇಲ್ಲದ ಮಗುವಿಗೆ ನೀಟ್ ಪುಸ್ತಕ ಬೇಕಿಲ್ಲ. ಎಂಜಿನಿಯರಿಂಗ್ ರ‍್ಯಾಂಕ್‌ಗೆ ಸಿಇಟಿ ಅಂಕದ ಜೊತೆ ದ್ವಿತೀಯ ಪಿಯುಸಿ ಅಂಕವನ್ನೂ ಸಮಪಾಲಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಆದ್ದರಿಂದ ಬರೆದು ಅಭ್ಯಾಸ ಮಾಡುವುದನ್ನು ಬಿಡುವಂತಿಲ್ಲ.

ದುಡ್ಡಿಲ್ಲದೆ ಸಿಗುವುದು

ಎನ್‌ಸಿಇಆರ್‌ಟಿಯ ‘ಎಕ್ಸೆಂಪ್ಲರ್ ಪ್ರಾಬ್ಲಮ್ಸ್’ ಎಂಬ ಅಭ್ಯಾಸ ಪುಸ್ತಕಗಳು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕಕ್ಕೂ ಇವೆ. ಅವನ್ನು ಸಂಸ್ಥೆಯ ಜಾಲತಾಣದಿಂದ ಉಚಿತವಾಗಿ ಮೊಬೈಲ್‌ಗೆ ಇಳಿಸಿಕೊಳ್ಳಬಹುದು. ಹಿಂದಿನ ಸಿಇಟಿ ಪ್ರಶ್ನೆಪತ್ರಿಕೆಗಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಸಿಗುತ್ತವೆ. ಬೇಕಾದ ಪುಟಗಳನ್ನಷ್ಟೇ ಪ್ರಿಂಟ್ ತೆಗೆಸಿದರೆ ಸಾಕು.

ಒಂದು ಸಲಕ್ಕೆ ಒಂದೇ

ಒಂದು ವಿಷಯಕ್ಕೆ ಒಂದೇ ಅಭ್ಯಾಸ ಪುಸ್ತಕ ತನ್ನಿ. ಅದು ಮುಗಿದ ಮೇಲೆ ಇನ್ನೊಂದು. ಇದು ಹಣ ಉಳಿಸುವ ಮಾತಷ್ಟೇ ಅಲ್ಲ. ಅಮ್ಮ ಹಾಲಿನ ದುಡ್ಡು ಸುರಿದು ತಂದ ಪುಸ್ತಕದ ರಾಶಿ ಮುಂದಿದ್ದರೆ, ‘ನನಗೆ ಅರ್ಥವಾಗುತ್ತಿಲ್ಲ’ ಎನ್ನಲು ಮಗುವಿಗೆ ಬಾಯಿ ಬರುವುದಿಲ್ಲ. ಸುಮ್ಮನೆ ಹಿಂದೆ ಬೀಳುತ್ತದೆ, ನಮಗೆ ಗೊತ್ತಾಗುವುದು ಫಲಿತಾಂಶದ ದಿನ. ಪುಸ್ತಕ ಒಂದೇ ಇದ್ದರೆ ‘ಈ ಪಾಠ ಬರುತ್ತಿಲ್ಲಮ್ಮ’ ಎಂದು ಹೇಳುವುದು ಸುಲಭ. ಕಾಲೇಜಿನಲ್ಲಿ ಕೇಳಿ ತಿಳಿಯುವುದಕ್ಕೂ ಸಮಯ ಇರುತ್ತದೆ.

ವಾರಕ್ಕೊಮ್ಮೆ ಆ ಪುಸ್ತಕ ಕೈಗೆತ್ತಿಕೊಳ್ಳಿ. ಓದಲು ಬರದಿದ್ದರೂ ಪರವಾಗಿಲ್ಲ. ಪೆನ್ಸಿಲ್ ಗುರುತು, ತಪ್ಪಾದ ಲೆಕ್ಕಕ್ಕೆ ಸುತ್ತು, ಮತ್ತೆ ಮಾಡಿದ ದಿನಾಂಕ ಇದ್ದರೆ ಕೆಲಸ ನಡೆದಿದೆ. ಹಾಳೆಗಳು ಹೊಸದರಂತೆಯೇ ಇದ್ದರೆ ಬೈಯಬೇಡಿ, ಪಕ್ಕದಲ್ಲಿ ಕೂತು ಕಾರಣ ಕೇಳಿ.

ಸಂಜೆ ಕೊಟ್ಟಿಗೆ ಬಾಚುವುದು, ಡೇರಿಗೆ ಹಾಲು ಒಯ್ಯುವುದು ಅವಳ ಪಾಲಿಗೇ ಬೀಳುತ್ತಿದ್ದರೆ ಆ ಕೆಲಸವನ್ನು ಅಣ್ಣ, ಅಪ್ಪ ಹಂಚಿಕೊಳ್ಳಲಿ. ಎಂಥ ಪುಸ್ತಕ ತಂದುಕೊಟ್ಟರೂ, ಅದನ್ನು ಬಿಡಿಸಿ ಕೂರಲು ದಿನಕ್ಕೆರಡು ಗಂಟೆ ಅವಳಿಗೆ ಸಿಗಬೇಕಲ್ಲವೇ?