ಜಾತ್ರೆಯ ಬಯಲಿಗೂ ಬಿಡುವು ಬೇಡವೇ?

ಮಳೆ ಕೈಕೊಟ್ಟ ವರ್ಷಗಳಲ್ಲಿಯೂ ಕೋಲಾರ ಜಿಲ್ಲೆಯಲ್ಲಿ ಹಬ್ಬ-ಜಾತ್ರೆಗಳಿಗೆ ಕೊರತೆಯಾದದ್ದಿಲ್ಲ. ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ಶಿವರಾತ್ರಿಯ ಸುಮಾರಿಗೆ ರಾಮಲಿಂಗೇಶ್ವರನ ತೇರು ಮತ್ತು ದನಗಳ ಜಾತ್ರೆ, ಕಾರ್ತಿಕ ಸೋಮವಾರಗಳಂದು ಅಂತರಗಂಗೆಯಲ್ಲಿ ಭಕ್ತರ ಸಾಲು, ಶ್ರಾವಣ ಶನಿವಾರಗಳಂದು ಮಾಲೂರು ತಾಲ್ಲೂಕಿನ ಚಿಕ್ಕತಿರುಪತಿಯಲ್ಲಿ ಕಾಲಿಡಲಾಗದ ಜನ, ಮುಳಬಾಗಿಲಿನ ಹೈದರ್ ವಲಿ ದರ್ಗಾದಲ್ಲಿ ಉರುಸ್, ಬೇಸಿಗೆಯಲ್ಲಿ ಅಲ್ಲಲ್ಲಿ ದ್ರೌಪದಮ್ಮನ ಕರಗ. ಇವುಗಳ ಜೊತೆಗೆ ಬಡಾವಣೆಯ ಪ್ರತಿ ಉದ್ಯಾನದ ಮೂಲೆಯಲ್ಲೂ ಒಂದು ಗಣೇಶನ ಪೆಂಡಾಲು, ನವೆಂಬರ್ ಬಂತೆಂದರೆ ರಾಜ್ಯೋತ್ಸವದ ವೇದಿಕೆ. ಜನ ಕೂಡಿ ನಲಿಯುವ ಈ ಸಂದರ್ಭಗಳು ಸಮಾಜದ ಜೀವಂತಿಕೆಯ ಕುರುಹುಗಳೆಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಹಬ್ಬದ ಮರುದಿನ ಅದೇ ಜಾಗಕ್ಕೆ ಹೋಗಿ ನೋಡುವವರು ವಿರಳ. ಹುಲ್ಲು ಸವೆದು ಬರಿಮಣ್ಣು ಮೇಲೆದ್ದಿರುತ್ತದೆ. ಒಲೆ ಹೂಡಿದ್ದ ಮರದ ಬುಡ ಕರಕಲಾಗಿರುತ್ತದೆ. ಕಂಬ ನೆಟ್ಟ ಗುಂಡಿಗಳು ಬಾಯ್ದೆರೆದುಕೊಂಡೇ ಇರುತ್ತವೆ. ಥರ್ಮೋಕೋಲ್ ತಟ್ಟೆಗಳು ಬೇಲಿಗೆ ಸಿಕ್ಕಿಕೊಂಡಿರುತ್ತವೆ. ಉತ್ಸವ ಸಮಿತಿಯವರು ಲೆಕ್ಕಪತ್ರ ಮುಗಿಸಿ ಮನೆಗೆ ಮರಳಿರುತ್ತಾರೆ. ಪೌರಕಾರ್ಮಿಕರು ಎರಡು ದಿನ ಕಸ ಬಳಿಯುತ್ತಾರೆ. ಕಸವೇನೋ ಹೋಗುತ್ತದೆ, ನೆಲಕ್ಕಾದ ಗಾಯ ಹಾಗೆಯೇ ಉಳಿಯುತ್ತದೆ. ಹಬ್ಬ ಬೇಕೇ, ಉದ್ಯಾನ ಬೇಕೇ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಹಬ್ಬ ಮುಗಿದ ಮೇಲೆ ಬಯಲನ್ನು ಮೊದಲಿದ್ದಂತೆ ಮಾಡಿ ಹಿಂದಿರುಗಿಸುವ ಹೊಣೆ ಯಾರದು ಎಂಬುದೇ ನಿಜವಾದ ಪ್ರಶ್ನೆ.

ತೋಪಿನ ಪಾಠ

ಉದ್ಯಾನವೆಂಬ ಪದ ನಮಗೆ ನಗರದ ಮೂಲಕ ಬಂದಿರಬಹುದು. ಅದರ ಕಲ್ಪನೆ ಮಾತ್ರ ಈ ಸೀಮೆಗೆ ಹೊಸತಲ್ಲ. ಪಹಣಿಗಳಲ್ಲಿ ಇಂದಿಗೂ ‘ಗುಂಡುತೋಪು’ ಎಂದು ನಮೂದಾಗಿರುವ ಜಾಗಗಳೇ ಬಯಲುಸೀಮೆಯ ಸಾರ್ವಜನಿಕ ಉದ್ಯಾನಗಳಾಗಿದ್ದವು. ಊರಂಚಿನಲ್ಲಿ ಹುಣಸೆ, ಮಾವು, ಹೊಂಗೆ, ನೇರಳೆ ಮರಗಳನ್ನು ಬೆಳೆಸಿ, ಅವುಗಳ ನೆರಳನ್ನು ಎಲ್ಲರಿಗೂ ಬಿಟ್ಟುಕೊಡುವ ವ್ಯವಸ್ಥೆ ಅದು. ಎತ್ತಿನ ಗಾಡಿಗಳು ತಂಗುತ್ತಿದ್ದುದು, ಸಂತೆ ಕೂಡುತ್ತಿದ್ದುದು, ಜಾತ್ರೆಗೆ ಬಂದ ನೆಂಟರು ಬುತ್ತಿ ಬಿಚ್ಚುತ್ತಿದ್ದುದು ಅಲ್ಲಿಯೇ. ಹಬ್ಬ ಮತ್ತು ಉದ್ಯಾನಗಳ ನಡುವೆ ವೈರವಿರಲಿಲ್ಲ, ಒಂದಕ್ಕೊಂದು ಆಸರೆಯಾಗಿದ್ದವು.

ಅಂದಿನ ಜಾತ್ರೆ ನೆಲಕ್ಕೆ ಹೊರೆಯಾಗದಿರಲು ಕಾರಣಗಳಿದ್ದವು. ಊಟ ಮುತ್ತುಗದ ಎಲೆಯಲ್ಲಿ, ನೀರು ಮಣ್ಣಿನ ಮಡಕೆಯಲ್ಲಿ. ಎರಡೂ ಮಣ್ಣಿಗೆ ಸೇರಿದರೆ ಮಣ್ಣೇ. ದನದ ಜಾತ್ರೆ ಬಿಟ್ಟುಹೋಗುತ್ತಿದ್ದ ಸಗಣಿ ಮುಂದಿನ ಮಳೆಗೆ ಗೊಬ್ಬರ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ತೋಪಿಗೆ ವರ್ಷದಲ್ಲಿ ಒಂದೋ ಎರಡೋ ದೊಡ್ಡ ಕೂಟಗಳು. ಉಳಿದ ತಿಂಗಳುಗಳಲ್ಲಿ ಅದಕ್ಕೆ ವಿಶ್ರಾಂತಿ.

ಇಂದು ಬದಲಾಗಿರುವುದು ಭಕ್ತಿಯಲ್ಲ, ಭಾರ. ಎಲೆಯ ಜಾಗಕ್ಕೆ ಥರ್ಮೋಕೋಲ್ ಬಂದಿದೆ. ಕಾಗದದ್ದೆಂದು ನಾವು ಸಮಾಧಾನಪಟ್ಟುಕೊಳ್ಳುವ ಲೋಟದ ಒಳಮೈಗೂ ಸಾಮಾನ್ಯವಾಗಿ ಪ್ಲಾಸ್ಟಿಕ್ ಲೇಪವಿರುತ್ತದೆ. ಎತ್ತಿನ ಗಾಡಿಯ ಜಾಗದಲ್ಲಿ ಟ್ರ್ಯಾಕ್ಟರು, ಲಾರಿ, ನೀರಿನ ಟ್ಯಾಂಕರು, ಜನರೇಟರುಗಳು ನಿಂತಿವೆ. ಇನ್ನೊಂದೆಡೆ ತೋಪುಗಳು ಒತ್ತುವರಿಯಾಗಿ, ಕಟ್ಟಡಗಳಾಗಿ ಕರಗಿವೆ. ಗ್ರಾಮಗಳ ಸಾಮುದಾಯಿಕ ಜಮೀನುಗಳ ಒತ್ತುವರಿ ತೆರವುಗೊಳಿಸಲು ಯೋಜನೆ ರೂಪಿಸುವಂತೆ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ನಿರ್ದೇಶನ ನೀಡಿದ್ದು 2011ರಲ್ಲಿ, ಜಗಪಾಲ್ ಸಿಂಗ್ ಪ್ರಕರಣದಲ್ಲಿ. ಅಷ್ಟರಲ್ಲಾಗಲೇ ಕಳೆದುಕೊಂಡದ್ದು ಬಹಳ. ಹತ್ತು ಬಯಲುಗಳು ಹಂಚಿಕೊಳ್ಳುತ್ತಿದ್ದ ಭಾರವನ್ನು ಈಗ ಅಳಿದುಳಿದ ಒಂದೆರಡು ಬಯಲುಗಳೇ ಹೊರಬೇಕಾಗಿದೆ. ಉತ್ಸವವೂ ಅಲ್ಲೇ, ರಾಜಕೀಯ ಸಮಾವೇಶವೂ ಅಲ್ಲೇ, ಗೃಹೋಪಯೋಗಿ ವಸ್ತುಗಳ ಮಾರಾಟ ಮೇಳವೂ ಅಲ್ಲೇ.

ಕಣ್ಣಿಗೆ ಕಾಣದ ಗಾಯ

ಕಸ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ನಮ್ಮ ಚರ್ಚೆಯೆಲ್ಲ ಕಸದ ಸುತ್ತಲೇ ತಿರುಗುತ್ತದೆ. ಆದರೆ ಉದ್ಯಾನವೊಂದು ಸೊರಗುವುದು ಮುಖ್ಯವಾಗಿ ಮಣ್ಣು ಗಟ್ಟಿಯಾಗುವುದರಿಂದ. ಮರಕ್ಕೆ ನೀರು, ಪೋಷಕಾಂಶ ಒದಗಿಸುವ ಸಣ್ಣ ಬೇರುಗಳಲ್ಲಿ ಬಹುಪಾಲು ನೆಲದ ಮೇಲ್ಪದರದ ಒಂದೆರಡು ಅಡಿಗಳಲ್ಲೇ ಹರಡಿರುತ್ತವೆ. ಅದರ ಮೇಲೆ ಲಾರಿ ನಿಂತಾಗ ಮಣ್ಣಿನ ಕಣಗಳ ನಡುವಿನ ತೆರಪುಗಳು ಮುಚ್ಚಿಹೋಗುತ್ತವೆ. ಗಾಳಿಯೂ ಇಳಿಯದು, ನೀರೂ ಇಳಿಯದು. ಮರ ಮರುದಿನವೇ ಒಣಗುವುದಿಲ್ಲ. ನಾಲ್ಕೈದು ವರ್ಷಗಳಲ್ಲಿ ತುದಿಯಿಂದ ಒಣಗುತ್ತ ಬರುತ್ತದೆ. ಆಗ ಅದಕ್ಕೆ ರೋಗವೆಂದು ಹೇಳಿ ಕಡಿಯುತ್ತೇವೆ. ಕಾರಣವಾದ ಹಬ್ಬ ಯಾವುದೆಂದು ಆ ವೇಳೆಗೆ ಯಾರಿಗೂ ನೆನಪಿರುವುದಿಲ್ಲ.

ಕೋಲಾರದಂಥ ಜಿಲ್ಲೆಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ವರ್ಷಪೂರ್ತಿ ಹರಿಯುವ ನದಿ ಇಲ್ಲಿಲ್ಲ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ 2018ರಿಂದ ಇಲ್ಲಿನ ಕೆರೆಗಳಿಗೆ ಹರಿಸಬೇಕಾಗಿ ಬಂದದ್ದೇ ನಮ್ಮ ನೀರಿನ ಬಡತನಕ್ಕೆ ಸಾಕ್ಷಿ. ಇಂಥ ನೆಲದಲ್ಲಿ ಬಿದ್ದ ಮಳೆಯ ಪ್ರತಿ ಹನಿಯೂ ಇಂಗಬೇಕು. ಗಟ್ಟಿಯಾದ ಬಯಲು ಅದನ್ನು ಚರಂಡಿಗೆ ಸಾಗಹಾಕುತ್ತದೆ.

ಹಬ್ಬ ಯಾವ ಋತುವಿನಲ್ಲಿ ಬರುತ್ತದೆ ಎಂಬುದೂ ಮುಖ್ಯ. ಕಾರ್ತಿಕ ಬರುವುದು ಹಿಂಗಾರು ಮಳೆಯ ಬೆನ್ನಿಗೆ. ಒದ್ದೆ ಮಣ್ಣು ಚಕ್ರದಡಿ ಬೇಗ ಅದುಮಿಕೊಳ್ಳುತ್ತದೆ. ಆದ್ದರಿಂದ ಆಗ ತಡೆಯಬೇಕಾದದ್ದು ವಾಹನವನ್ನು. ಶಿವರಾತ್ರಿ ಬರುವುದು ಬೇಸಿಗೆಯ ಹೊಸ್ತಿಲಲ್ಲಿ. ಆಗ ತುಳಿದ ಹುಲ್ಲು ಮತ್ತೆ ಚಿಗುರಲು ಮುಂಗಾರಿನವರೆಗೆ ಕಾಯಬೇಕು. ಆದ್ದರಿಂದ ಆ ಮೂರು-ನಾಲ್ಕು ತಿಂಗಳು ಅದೇ ಬಯಲಿನಲ್ಲಿ ಇನ್ನೊಂದು ಕೂಟ ನಡೆಯದಂತೆ ನೋಡಿಕೊಳ್ಳಬೇಕು. ಎಲ್ಲ ಹಬ್ಬಗಳಿಗೂ ಒಂದೇ ಷರತ್ತು ಹಾಕುವ ಕಚೇರಿಯ ಪದ್ಧತಿ ಇಲ್ಲಿ ಕೆಲಸಕ್ಕೆ ಬಾರದು.

ಅಂತರಗಂಗೆಯದು ಮತ್ತೊಂದು ಬಗೆಯ ಸಮಸ್ಯೆ. ಶತಶೃಂಗ ಬೆಟ್ಟಸಾಲಿನ ಈ ತಾಣದಲ್ಲಿ ಕಲ್ಲಿನ ಬಸವನ ಬಾಯಿಂದ ಹರಿಯುವ ನೀರೇ ಪೂಜ್ಯ. ಬಂಡೆಗಳ ನಡುವಿನ ತೆಳುವಾದ ಮಣ್ಣು ಒಮ್ಮೆ ಕೊಚ್ಚಿಹೋದರೆ ಮತ್ತೆ ಕೂಡಲು ತಲೆಮಾರುಗಳೇ ಬೇಕು. ಬಂಡೆಯ ಸಂದಿಗೆ ಬಿದ್ದ ಪ್ಲಾಸ್ಟಿಕ್ಕನ್ನು ಹೆಕ್ಕಿ ತೆಗೆಯುವುದು ಯಾವ ಪೌರಕಾರ್ಮಿಕನಿಗೂ ಸಾಧ್ಯವಾಗದ ಕೆಲಸ. ಭಕ್ತರು ಎಸೆದ ತಿನಿಸಿಗೆ ಒಗ್ಗಿಕೊಂಡ ಕೋತಿಗಳು ಹಬ್ಬವಿಲ್ಲದ ದಿನಗಳಲ್ಲಿ ಬಂದವರ ಕೈಯಿಂದ ಕಿತ್ತುಕೊಳ್ಳುತ್ತವೆ. ನೀರನ್ನು ಗಂಗೆಯೆಂದು ತಲೆಗೆ ಪ್ರೋಕ್ಷಿಸಿಕೊಳ್ಳುವ ನಾವು, ಆ ನೀರು ಇಳಿದುಬರುವ ಬೆಟ್ಟವನ್ನು ಮಲಿನಗೊಳಿಸುವುದು ಯಾವ ಶಾಸ್ತ್ರ?

ಬಸವನಗುಡಿಯಿಂದ ಕಲಿಯಬಹುದಾದದ್ದು

ಕಾರ್ತಿಕ ಮಾಸದ ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಗೆ ಕೋಲಾರ, ಮಾಲೂರು, ಶ್ರೀನಿವಾಸಪುರದ ಕಡೆಯಿಂದಲೂ ಕಾಯಿ ಹೋಗುತ್ತದೆ. ಸುಂಕೇನಹಳ್ಳಿ, ಮಾವಳ್ಳಿ ಮುಂತಾದ ಹಳ್ಳಿಗಳ ರೈತರು ಬೆಳೆ ಮೇಯುತ್ತಿದ್ದ ಬಸವನನ್ನು ಒಲಿಸಿಕೊಳ್ಳಲು ಮೊದಲ ಫಸಲನ್ನು ಅರ್ಪಿಸಿದರೆಂಬುದು ಅದರ ಐತಿಹ್ಯ. ಆ ಹಳ್ಳಿಗಳು ಬಡಾವಣೆಗಳಾಗಿ ಕಡಲೆಕಾಯಿ ಹೊಲಗಳು ಮಾಯವಾದ ಮೇಲೂ ಪರಿಷೆ ಉಳಿದಿದೆ. ದೊಡ್ಡ ಬಸವನ ಪಕ್ಕದಲ್ಲೇ ಬ್ಯೂಗಲ್ ರಾಕ್ ಉದ್ಯಾನ. ಕೋಟ್ಯಂತರ ವರ್ಷಗಳಷ್ಟು ಹಳೆಯ ಬಂಡೆ, ಅದರ ಸುತ್ತ ದಟ್ಟ ಮರಗಳು. ಲಕ್ಷಾಂತರ ಜನರ ಪರಿಷೆಯ ಒತ್ತಡ ಸಹಜವಾಗಿಯೇ ಈ ಉದ್ಯಾನದ ಮೇಲೂ ಬೀಳುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಅಲ್ಲಿ ಪ್ಲಾಸ್ಟಿಕ್ ಬಿಟ್ಟು ಬಟ್ಟೆಯ ಕೈಚೀಲ ತರುವಂತೆ ಪ್ರಚಾರ ನಡೆದಿದೆ. ಅದು ಪೂರ್ಣವಾಗಿ ಯಶಸ್ವಿಯಾಗಿದೆಯೆಂದು ಹೇಳಲಾಗದು. ಆದರೆ ಅದರ ಹಿಂದಿರುವ ತರ್ಕ ಸರಿಯಾದದ್ದು. ಕಡಲೆಕಾಯಿ ಸಿಪ್ಪೆ ಎಷ್ಟೇ ರಾಶಿ ಬಿದ್ದರೂ ಅದು ಗೊಬ್ಬರ. ಅದರೊಳಗೆ ಪ್ಲಾಸ್ಟಿಕ್ ಬೆರೆತ ಕ್ಷಣದಿಂದ ಎರಡೂ ಕಸ. ಹಬ್ಬದ ತ್ಯಾಜ್ಯವನ್ನು ಕೊನೆಯಲ್ಲಿ ಬೇರ್ಪಡಿಸುವುದಕ್ಕಿಂತ, ಬೆರೆಯದಂತೆ ಆರಂಭದಲ್ಲೇ ನೋಡಿಕೊಳ್ಳುವುದು ಸುಲಭ.

ಲಾಲ್‌ಬಾಗ್‌ನ ಅನುಭವ ಇನ್ನೊಂದು ಪಾಠ ಹೇಳುತ್ತದೆ. ಸುಮಾರು 240 ಎಕರೆಯ ಆ ಸಸ್ಯತೋಟದಲ್ಲಿ ವರ್ಷಕ್ಕೆರಡು ಬಾರಿ, ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಸಂದರ್ಭದಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಜನಸಂದಣಿ ಅಪಾರ, ಹಾನಿಯ ದೂರುಗಳೂ ಇಲ್ಲದಿಲ್ಲ. ಆದರೂ ಲಾಲ್‌ಬಾಗ್ ಉಳಿದಿದೆ. ಏಕೆಂದರೆ ಅದಕ್ಕೆ 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆಯ ರಕ್ಷೆಯಿದೆ, ಹೊಣೆ ಹೊತ್ತ ತೋಟಗಾರಿಕೆ ಇಲಾಖೆಯಿದೆ, ಟಿಕೆಟ್ಟಿನ ಆದಾಯವಿದೆ, ಪ್ರದರ್ಶನ ಮುಗಿದ ಮರುದಿನ ಕೆಲಸಕ್ಕೆ ಇಳಿಯುವ ಮಾಲಿಗಳಿದ್ದಾರೆ. ನಮ್ಮ ಊರುಗಳ ಬಯಲಿಗೆ ಈ ನಾಲ್ಕೂ ಇಲ್ಲ. ಬೆಟ್ಟದ ಕಾಡು ಒಂದು ಇಲಾಖೆಗೆ, ದೇವಾಲಯ ಇನ್ನೊಂದಕ್ಕೆ, ರಸ್ತೆ ಮತ್ತೊಂದಕ್ಕೆ. ಎಲ್ಲರಿಗೂ ಸೇರಿದ್ದು ಯಾರಿಗೂ ಸೇರದಂತಾಗಿದೆ.

ಅನುಮತಿ ಪತ್ರದಲ್ಲಿ ಒಂದು ಸಾಲು

ಕಾನೂನಿನ ಕೊರತೆಯಿದೆಯೆಂದು ಹೇಳುವಂತಿಲ್ಲ. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳನ್ನು ಕಾಪಾಡಲು ರಾಜ್ಯದಲ್ಲಿ 1985ರಲ್ಲೇ ಕಾಯ್ದೆ ಬಂದಿದೆ. ನೂರಕ್ಕೂ ಹೆಚ್ಚು ಜನ ಸೇರುವ ಕಾರ್ಯಕ್ರಮದ ಬಗ್ಗೆ ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸ ವಿಂಗಡಿಸಿ ಒಪ್ಪಿಸುವ ಹೊಣೆ ಸಂಘಟಕರದೇ ಎಂದು ಕೇಂದ್ರದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಸ್ಪಷ್ಟವಾಗಿ ವಿಧಿಸಿದ್ದವು. ಅದೇ ವರ್ಷ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿತು. 2022ರ ಜುಲೈ 1ರಿಂದ ಏಕಬಳಕೆಯ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ದೇಶದಾದ್ಯಂತ ನಿಷೇಧಿಸಲಾಯಿತು. ಆವಣಿಯ ದೇವಾಲಯಗಳಂಥ ಸಂರಕ್ಷಿತ ಸ್ಮಾರಕಗಳಿಗೆ ಪುರಾತತ್ವ ನಿಯಮಗಳ ರಕ್ಷೆಯೂ ಇದೆ. ಅವು ರೂಢಿಯಿಂದ ಬಂದ ಪೂಜೆ-ಉತ್ಸವಗಳಿಗೆ ಅಡ್ಡಿಪಡಿಸುವುದಿಲ್ಲ, ಹೊಸ ಸಭೆ-ಸಮಾರಂಭಗಳಿಗೆ ಮಾತ್ರ ಅನುಮತಿ ಕೇಳುತ್ತವೆ. ಈ ವಿವೇಕ ಅನುಕರಣೀಯ.

ಕೊರತೆಯಿರುವುದು ನಮ್ಮ ಅನುಮತಿ ಪತ್ರದಲ್ಲಿ. ಧ್ವನಿವರ್ಧಕಕ್ಕೆ ಪೊಲೀಸರ ಒಪ್ಪಿಗೆ ಬೇಕು, ದೀಪಾಲಂಕಾರಕ್ಕೆ ಬೆಸ್ಕಾಂ ಒಪ್ಪಿಗೆ ಬೇಕು. ನೆಲದ ಬಗ್ಗೆ ಮಾತ್ರ ಯಾರೂ ಏನನ್ನೂ ಕೇಳುವುದಿಲ್ಲ. ಮಾಡಬೇಕಾದದ್ದು ದೊಡ್ಡ ಯೋಜನೆಯೇನಲ್ಲ. ಹಬ್ಬಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಸಮಿತಿಯ ಪ್ರತಿನಿಧಿ ಹಾಗೂ ಸ್ಥಳೀಯ ಸಂಸ್ಥೆಯ ಸಿಬ್ಬಂದಿ ಜೊತೆಯಾಗಿ ಬಯಲನ್ನು ಸುತ್ತಿ ನೋಡಲಿ. ಛಾಯಾಚಿತ್ರ ತೆಗೆದು ಸಹಿ ಹಾಕಲಿ. ಮರಗಳ ಕೊಂಬೆ ಎಲ್ಲಿಯವರೆಗೆ ಚಾಚಿದೆಯೋ ಅಲ್ಲಿಯವರೆಗೆ ಸುಣ್ಣದ ಗೆರೆ ಎಳೆದು, ಅದರೊಳಗೆ ವಾಹನ, ಒಲೆ, ಜನರೇಟರು ಬಾರದಂತೆ ನೋಡಿಕೊಳ್ಳಲಿ. ಗುಂಡಿ ಮುಚ್ಚುವ, ಮಣ್ಣು ಸಡಿಲಿಸುವ, ಹುಲ್ಲು ನೆಡುವ ಕೆಲಸಕ್ಕೆ ಮುಂಗಡ ಠೇವಣಿ ಇರಲಿ. ಕೆಲಸ ಮುಗಿದೊಡನೆ ಅದು ಹಿಂದಿರುಗಲಿ. ಸಂತೆ-ಜಾತ್ರೆಗಳ ಸುಂಕ ವಸೂಲಿಯನ್ನು ಹರಾಜು ಹಾಕುವ ಪದ್ಧತಿ ನಮಗೆ ಹೊಸತಲ್ಲ. ಆ ಆದಾಯದ ಒಂದು ಪಾಲು ಅದೇ ಬಯಲಿಗೆ ಸಲ್ಲಲಿ.

ಕೊನೆಯದಾಗಿ, ಬಯಲಿಗೆ ಬಿಡುವು. ಇಂಗ್ಲೆಂಡಿನ ಗ್ಲಾಸ್ಟನ್‌ಬರಿಯ ಬಳಿ ಹೊಲವೊಂದರ ಮೇಲೆ ನಡೆಯುವ ಪ್ರಸಿದ್ಧ ಸಂಗೀತೋತ್ಸವವನ್ನು ಕೆಲವು ವರ್ಷಗಳಿಗೊಮ್ಮೆ, 2018ರಲ್ಲಿ ಮಾಡಿದಂತೆ, ನಿಲ್ಲಿಸಿ ನೆಲಕ್ಕೆ ಚೇತರಿಸಿಕೊಳ್ಳಲು ಅವಕಾಶ ಕೊಡುತ್ತಾರೆ. ಹೊಲವನ್ನು ಬೀಳು ಬಿಡುವ ನಮ್ಮ ರೈತನಿಗೆ ಇದನ್ನು ಹೊರದೇಶದವರು ಕಲಿಸಬೇಕಾಗಿಲ್ಲ. ತೇರನ್ನು ನಿಲ್ಲಿಸಬೇಕೆಂದು ಯಾರೂ ಹೇಳುತ್ತಿಲ್ಲ. ಅದು ವರ್ಷವರ್ಷವೂ ಹರಿಯಲಿ. ತೇರಿಗೆ ಸಂಬಂಧವಿಲ್ಲದ ಮೇಳ, ಸಮಾವೇಶಗಳನ್ನು ಬೇರೆಡೆಗೆ ಕಳುಹಿಸಿದರೂ ಬಯಲಿಗೆ ಅರ್ಧ ಬಿಡುವು ಸಿಕ್ಕಂತೆ. ಬಯಲನ್ನು ಭಾಗ ಮಾಡಿಕೊಂಡು, ಅಂಗಡಿ ಸಾಲುಗಳನ್ನು ವರ್ಷಕ್ಕೊಂದು ಭಾಗದಲ್ಲಿ ಹಾಕಿದರೆ ಉಳಿದರ್ಧವೂ ಸಿಕ್ಕೀತು.

ಆಕ್ಷೇಪಗಳು ಬರುವುದು ಸಹಜ. ಉದ್ಯಾನಕ್ಕಿಂತ ಹಬ್ಬ ಹಳೆಯದು, ಅದಕ್ಕೆ ಷರತ್ತು ಹಾಕಲು ನೀವು ಯಾರು ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಅರ್ಥವಿದೆ. ಆದರೆ ಹಬ್ಬಕ್ಕೆ ಜಾಗ ಕೊಟ್ಟ ತೋಪು ಕೂಡ ಅಷ್ಟೇ ಹಳೆಯದು. ಠೇವಣಿಯ ಹೊರೆ ಪುರಿ-ಬತ್ತಾಸು ಮಾರುವ ಬಡವರ ಮೇಲೆ ಬೀಳುತ್ತದೆಂಬ ಆತಂಕ ಇನ್ನೂ ಗಂಭೀರವಾದದ್ದು. ಅದಕ್ಕಾಗಿಯೇ ಠೇವಣಿ ಇಡಬೇಕಾದವರು ಸಂಘಟಕರು. ಚಿಲ್ಲರೆ ವ್ಯಾಪಾರಿಯಿಂದ ಅದನ್ನು ವಸೂಲು ಮಾಡಕೂಡದೆಂಬ ಷರತ್ತು ಜೊತೆಗಿರಬೇಕು. ಓಣಿಯ ಹುಡುಗರು ಕೂರಿಸುವ ಗಣೇಶನಿಗೆ ಹಣದ ಬದಲು ಒಂದು ದಿನದ ಶ್ರಮದಾನ ಸಾಕು. ಇದೂ ಅಧಿಕಾರಿಗಳ ಜೇಬು ತುಂಬುವ ಮತ್ತೊಂದು ದಾರಿಯಾದೀತೆಂಬ ಸಂಶಯಕ್ಕೆ ಉತ್ತರ, ಲೆಕ್ಕ ಮತ್ತು ಛಾಯಾಚಿತ್ರಗಳೆರಡನ್ನೂ ಸೂಚನಾ ಫಲಕದಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುವುದು.

ಯಾವ ಧರ್ಮದ ಹಬ್ಬವೇ ಆಗಲಿ, ಯಾವ ಪಕ್ಷದ ಸಮಾವೇಶವೇ ಆಗಲಿ, ನಿಯಮ ಒಂದೇ ಆಗಿರಬೇಕು. ಒಬ್ಬರಿಗೆ ವಿನಾಯಿತಿ ಕೊಟ್ಟ ದಿನವೇ ಅದು ಸಾಯುತ್ತದೆ. ಮದುವೆಗೆಂದು ನೆರೆಮನೆಯಿಂದ ತಂದ ಪಾತ್ರೆಯನ್ನು ತೊಳೆದು ಹಿಂದಿರುಗಿಸುವುದನ್ನು ನಮ್ಮ ಮನೆಗಳಲ್ಲಿ ಯಾರೂ ಕಾನೂನಿನಿಂದ ಕಲಿಸಿಲ್ಲ. ಬಯಲೂ ಹಾಗೆ ಎರವಲು ತಂದದ್ದು. ಅದನ್ನು ನಮಗೆ ಕೊಟ್ಟವರು ಮರ ನೆಟ್ಟ ಹಿರಿಯರು. ಮರಳಿ ಪಡೆಯಬೇಕಾದವರು ಮುಂದಿನ ವರ್ಷದ ತೇರಿಗೆ ಅದೇ ನೆರಳಿಗೆ ಬರಲಿರುವ ಮಕ್ಕಳು.