ದರ ಒಂದೇ, ಕೂಲಿ ಸಮವೇ?

ಮಂಗಳೂರಿನ ಗೇರುಬೀಜ ಕಾರ್ಖಾನೆಯೊಂದರಲ್ಲಿ ಹೆಂಗಸರಿಗೆ ಕಡಿಮೆ ಕೂಲಿಯೇ ಎಂದು ಕೇಳಿ ನೋಡಿ. "ಇಲ್ಲವಲ್ಲ, ಕಿಲೋಗೆ ಇಷ್ಟು ಎಂಬ ದರ ಎಲ್ಲರಿಗೂ ಒಂದೇ" ಎಂಬ ಉತ್ತರ ಬರಬಹುದು. ಉತ್ತರ ಸುಳ್ಳಲ್ಲ. ಆದರೆ ಆ ದರಕ್ಕೆ ಬೀಜ ಒಡೆಯುವವರು, ಸಿಪ್ಪೆ ತೆಗೆಯುವವರು ಬಹುಪಾಲು ಹೆಂಗಸರೇ. ಹುರಿಯುವುದು, ಗೋಣಿ ಹೊರುವುದು ಸಾಮಾನ್ಯವಾಗಿ ಗಂಡಸರ ಪಾಲು. ಕೆಲಸವನ್ನೇ ಹೀಗೆ ಹಂಚಿಟ್ಟ ಮೇಲೆ ಯಾರ ಕೂಲಿಯನ್ನು ಯಾರದಕ್ಕೆ ಹೋಲಿಸುವುದು?

1976ರ ಸಮಾನ ವೇತನ ಕಾಯ್ದೆ "ಅದೇ ಕೆಲಸ ಅಥವಾ ಅದೇ ಸ್ವರೂಪದ ಕೆಲಸ" ಎಂದಿತು. 2019ರ ವೇತನ ಸಂಹಿತೆಯೂ ಆ ತತ್ವವನ್ನೇ ಇಟ್ಟುಕೊಂಡಿದೆ. ಅಳತೆಗೋಲು ಕೌಶಲ, ಶ್ರಮ, ಹೊಣೆ ಮತ್ತು ಕೆಲಸದ ಪರಿಸ್ಥಿತಿ. ಮೆಕಿನನ್ ಮೆಕೆಂಜಿ ಕಂಪನಿಯ ಸ್ಟೆನೋಗ್ರಾಫರ್ ಆಡ್ರಿ ಡಿಕೋಸ್ಟಾ ಅವರ ಮೊಕದ್ದಮೆಯಲ್ಲಿ 1987ರಲ್ಲಿ ಸುಪ್ರೀಂ ಕೋರ್ಟು, ಸಣ್ಣಪುಟ್ಟ ವ್ಯತ್ಯಾಸ ತೋರಿಸಿ ಕೂಲಿ ಕಡಿಮೆ ಮಾಡುವಂತಿಲ್ಲ, ಕಂಪನಿಗೆ ಹಣದ ಮುಗ್ಗಟ್ಟು ಎಂಬುದೂ ನೆಪವಾಗದು ಎಂದಿತು. ಭಾರತ 1958ರಲ್ಲಿ ಒಪ್ಪಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 100ನೇ ಒಡಂಬಡಿಕೆ ಇನ್ನೂ ಮುಂದೆ ಹೋಗಿ "ಸಮಾನ ಮೌಲ್ಯದ ಕೆಲಸ" ಎನ್ನುತ್ತದೆ. ಕೆಲಸ ಬೇರೆಯಾದರೂ ಬೆಲೆ ಸಮವಿರಬಹುದು ಎಂದು ಅರ್ಥ.

ಬೆಲೆ ಅಳೆಯುವುದು ಹೇಗೆ? ಭೌತಶಾಸ್ತ್ರದಲ್ಲಿ ಕೆಲಸ ಎಂದರೆ ಬಲ ಗುಣಿಸು ದೂರ. ಆ ಲೆಕ್ಕಕ್ಕೆ ಗೋಣಿ ಎತ್ತಿದವನೇ ದೊಡ್ಡವನು. ವಿಜ್ಞಾನ ಓದಿದ ನನಗೆ ಈ ಸೂತ್ರ ಇಷ್ಟವೇ, ಆದರೆ ಕಾರ್ಖಾನೆಯಲ್ಲಿ ಇದು ಸಾಲದು. ಚಿಪ್ಪಿನ ಎಣ್ಣೆ ಚರ್ಮ ಸುಡುತ್ತದೆ. ತಿರುಳು ಮುರಿದರೆ ಅದರ ಬೆಲೆ ಇಳಿಯುತ್ತದೆ. ಇಡಿಯಾಗಿ ಉಳಿಸುವುದು ಆ ಹೆಂಗಸಿನ ಬೆರಳು.

ಇನ್ನು ಕಿಲೋ ದರ. 180ನೇ ದರ್ಜೆಯ ತಿರುಳು ಒಂದು ಪೌಂಡಿಗೆ 170ರಿಂದ 180 ತೂಗಿದರೆ, 320ನೇ ದರ್ಜೆಯದು 300ರಿಂದ 320. ಅಂದರೆ ಅದೇ ಒಂದು ಕಿಲೋಗೆ ಹೆಚ್ಚುಕಡಿಮೆ ಎರಡರಷ್ಟು ತಿರುಳಿನ ಸಿಪ್ಪೆ ತೆಗೆಯಬೇಕು. ದರದಲ್ಲಿ ಈ ಲೆಕ್ಕ ಸೇರದಿದ್ದರೆ ತಕ್ಕಡಿ ಸರಿಯಿದ್ದೂ ಕೂಲಿ ಸರಿಯಿಲ್ಲ.

ಬೀಡಿ ಕಟ್ಟುವ ಮನೆಗಳಲ್ಲೂ ಹೀಗೆಯೇ. ಸಾವಿರ ಬೀಡಿಗೆ ಇಷ್ಟು ಎಂಬ ದರ ಒಂದೇ. ಎಲೆ ನೆನೆಸಿ ಕತ್ತರಿಸಿದ ಹೊತ್ತು, ಆರಿಸಿ ತೆಗೆದ ಬೀಡಿ ಯಾರ ಲೆಕ್ಕಕ್ಕೂ ಬರುವುದಿಲ್ಲ.

ನಿಮ್ಮ ತೋಟದಲ್ಲಿ ಗಂಡಾಳಿಗೊಂದು, ಹೆಣ್ಣಾಳಿಗೊಂದು ಕೂಲಿಯಿದೆಯೇ? ಇದ್ದರೆ ಇನ್ನೊಂದು ಮಾತೂ ಗೊತ್ತಿರಲಿ: ಸಮ ಮಾಡುವ ನೆಪದಲ್ಲಿ ಯಾರ ಕೂಲಿಯನ್ನೂ ಇಳಿಸಲು ಕಾನೂನು ಬಿಡುವುದಿಲ್ಲ. ಏರಿಸಿಯೇ ಸಮ ಮಾಡಬೇಕು.