ನೆಲ ಒಬ್ಬರದು, ಅದಿರು ಇನ್ನೊಬ್ಬರದು

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ವರ್ಕ್ಸ್‌ವರ್ತ್ ಎಂಬ ಸಣ್ಣ ಊರಿದೆ. ಅಲ್ಲಿನ ಮೂಟ್ ಹಾಲ್‌ನಲ್ಲಿ ಕಂಚಿನ ಒಂದು ಅಳತೆಪಾತ್ರೆಯನ್ನು ಕಾಪಾಡಿಕೊಂಡು ಬಂದಿದ್ದಾರೆ. ನಮ್ಮ ಕೊಳಗದ ಹಾಗೆ ದುಂಡಗಿಲ್ಲ, ಸಣ್ಣ ತೊಟ್ಟಿಯ ಹಾಗೆ ಉದ್ದಕ್ಕಿದೆ. ಸುಮಾರು 8 ಲೀಟರ್ ಹಿಡಿಯುತ್ತದೆ. ಎಂಟನೇ ಹೆನ್ರಿಯ ಕಾಲದಲ್ಲಿ, 1513ರಲ್ಲಿ ಎರಕ ಹೊಯ್ದದ್ದು. ಇದು ಸೀಸದ ಅದಿರನ್ನು ಅಳೆಯುವ ಕೊಳಗ. ಆ ಸೀಮೆಯ ಗಣಿಗಾರರು ಬಳಸುತ್ತಿದ್ದ ಮರದ ಕೊಳಗಗಳನ್ನು ಇದಕ್ಕೆ ಹೋಲಿಸಿ ಸರಿಯಿದೆಯೇ ಎಂದು ನೋಡುತ್ತಿದ್ದರು. ಅಳೆದಾದ ಮೇಲೆ ರಾಜನಿಗೊಂದು ಪಾಲು, ಚರ್ಚಿಗೊಂದು ಪಾಲು, ಉಳಿದದ್ದೆಲ್ಲ ತೋಡಿದವನಿಗೆ.

ಹೊಲದ ಒಡೆಯನಿಗೆ? ಅವನ ಹೆಸರು ಆ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಮಧ್ಯಯುಗದ ಯುರೋಪಿನ ಗಣಿ ಕಾನೂನು ನನ್ನನ್ನು ಹಿಡಿದು ನಿಲ್ಲಿಸಿದ್ದು ಇಲ್ಲೇ.

ನೆಲದ ಮೇಲಿನ ಬೆಳೆ ಯಾರದು ಎಂಬುದಕ್ಕೆ ಎಲ್ಲ ಸೀಮೆಯಲ್ಲೂ ಉತ್ತರವಿತ್ತು. ನೆಲದೊಳಗಿನ ಬೆಳ್ಳಿ ಯಾರದು ಎಂಬ ಪ್ರಶ್ನೆಗೆ ದೊಡ್ಡ ದನಿಯಲ್ಲಿ ಉತ್ತರ ಕೊಟ್ಟವನು ಚಕ್ರವರ್ತಿ ಫ್ರೆಡ್ರಿಕ್ ಬಾರ್ಬರೋಸಾ. 1158ರಲ್ಲಿ ಇಟಲಿಯ ರೊಂಕಾಲಿಯಾದಲ್ಲಿ ಸಭೆ ಕರೆದು, ಬೊಲೋನ್ಯಾದ ನಾಲ್ವರು ನ್ಯಾಯಪಂಡಿತರ ನೆರವಿನಿಂದ, ಅರಸನಿಗೇ ಸೇರಿದ ಹಕ್ಕುಗಳ ಪಟ್ಟಿ ಮಾಡಿಸಿದ. ರಸ್ತೆ, ದೋಣಿ ನಡೆಯುವ ನದಿ, ಸುಂಕ, ಟಂಕಸಾಲೆ. ಅವುಗಳ ಸಾಲಿನಲ್ಲೇ ಬೆಳ್ಳಿಯ ಗಣಿ, ಉಪ್ಪಿನ ಆದಾಯ. ಇವಕ್ಕೆ ಲ್ಯಾಟಿನ್‌ನಲ್ಲಿ ‘ರೆಗಾಲಿಯಾ’ ಎಂದು ಹೆಸರು. ಇಂದು ಗಣಿ ಇಲಾಖೆಯ ಕಾಗದಗಳಲ್ಲಿ ಕಾಣುವ ‘ರಾಯಲ್ಟಿ’ಯೂ ಅರಸನೆಂಬ ಅದೇ ಬೇರಿನಿಂದ ಬಂದದ್ದು. ಕನ್ನಡದಲ್ಲಿ ನಾವು ಅದನ್ನು ‘ರಾಜಧನ’ ಎನ್ನುತ್ತೇವೆ. ರಾಜರು ಹೋಗಿ ಎಷ್ಟೋ ಕಾಲವಾಯಿತು, ಮಾತು ಉಳಿದಿದೆ.

ಆದರೆ ಅದಿರು ನನ್ನದು ಎಂದು ಸಾರಿಬಿಟ್ಟರೆ ಅದು ತಾನಾಗಿ ಮೇಲೆ ಬರುವುದಿಲ್ಲ. ತೋಡುವ ಕೈ ಬೇಕು, ಬಂಡೆಯ ಎಳೆ ಹಿಡಿದು ಅದಿರು ಹುಡುಕುವ ಕಣ್ಣು ಬೇಕು. 1168ರಲ್ಲಿ ಸ್ಯಾಕ್ಸನಿಯ ಕ್ರಿಸ್ಟಿಯಾನ್ಸ್‌ಡಾರ್ಫ್ ಹಳ್ಳಿಯ ಬಳಿ ಬೆಳ್ಳಿ ಸಿಕ್ಕಿತು. ಅಲ್ಲಿನ ದೊರೆ ಮೈಸನ್ನಿನ ಓಟೊ ಆ ಭಾಗದ ಹಳ್ಳಿಗಳನ್ನು ಆಲ್ಟ್‌ಸೆಲ್ಲಾ ಎಂಬ ಮಠಕ್ಕೆ ಬಿಟ್ಟುಕೊಟ್ಟಿದ್ದ. ಬೆಳ್ಳಿ ಕಂಡಮೇಲೆ ಅವನ್ನು ಮಠದಿಂದ ಹಿಂದಕ್ಕೆ ಪಡೆದ. ಬಳಿಕ ಅದಿರು ಹುಡುಕಬೇಕೆನ್ನುವವನು ಯಾರೇ ಆಗಲಿ ಬಂದು ಹುಡುಕಬಹುದು ಎಂಬ ಹಕ್ಕು ಅಲ್ಲಿ ನೆಲೆಯಾಯಿತು. ಹಾರ್ಟ್ಸ್ ಬೆಟ್ಟಗಳ ಕಡೆಯಿಂದ ನುರಿತ ಗಣಿಗಾರರು ಬಂದರು, ಹಳ್ಳಿ ಬೆಳೆದು ಪಟ್ಟಣವಾಯಿತು. ಅದರ ಹೆಸರು ಫ್ರೈಬರ್ಗ್. ಸ್ವಾತಂತ್ರ್ಯ ಮತ್ತು ಬೆಟ್ಟ ಎರಡೂ ಆ ಹೆಸರಿನಲ್ಲೇ ಇವೆ. ಆಲ್ಪ್ಸ್‌ನ ಟ್ರೆಂಟೊದಲ್ಲಿ ಬಿಷಪ್ 1185ರಲ್ಲೇ ಬೆಳ್ಳಿ ಗಣಿಗಾರರೊಂದಿಗೆ ಒಪ್ಪಂದ ಮಾಡಿಕೊಂಡಿದ್ದ. ಬೊಹೀಮಿಯಾದ ರಾಜ ಎರಡನೇ ವೆನ್ಸೆಸ್ಲಾಸ್ 1300ರಲ್ಲಿ ಹೊರಡಿಸಿದ ಗಣಿ ಸಂಹಿತೆಯಲ್ಲಿ ಆರು ಗಂಟೆಯ ಪಾಳಿಯ ಮಾತೂ ಬರುತ್ತದೆ. ಏಳುನೂರು ವರ್ಷ ಹಿಂದಿನ ಮಾತಿದು!

ಮತ್ತೆ ಡರ್ಬಿಶೈರ್‌ಗೆ ಬರೋಣ. ಇಡೀ ಕಾನೂನು ಕೈಗೆ ಸಿಗುವ ವಸ್ತುಗಳಲ್ಲಿ ನಿಂತಿರುವುದನ್ನು ಅಲ್ಲಿ ನೋಡಬಹುದು. ವರ್ಕ್ಸ್‌ವರ್ತ್‌ನ ಸೀಸದ ಕೆಲಸದ ಉಲ್ಲೇಖ 1086ರ ಡೂಮ್ಸ್‌ಡೇ ದಾಖಲೆಯಲ್ಲೇ ಇದೆ. 1288ರಲ್ಲಿ ಒಂದನೇ ಎಡ್ವರ್ಡನ ಅಧಿಕಾರಿಗಳು ಆ್ಯಶ್‌ಬರ್ನ್‌ನಲ್ಲಿ ವಿಚಾರಣೆ ನಡೆಸಿ, ಅಲ್ಲಿನ ಜನರಿಂದ ಪ್ರಮಾಣ ಮಾಡಿಸಿ, ಹಿಂದಿನಿಂದ ನಡೆದುಬಂದ ಪದ್ಧತಿಯನ್ನು ಬರೆದುಕೊಂಡರು. ರಾಜ ಹೊಸದಾಗಿ ಏನನ್ನೂ ಕೊಡಲಿಲ್ಲ; ಇದ್ದದ್ದನ್ನು ಒಪ್ಪಿಕೊಂಡ.

ಪದ್ಧತಿ ಹೀಗಿತ್ತು. ಚರ್ಚಿನ ಅಂಗಳ, ಕೈತೋಟ, ಹಣ್ಣಿನ ತೋಟ, ಹೆದ್ದಾರಿ ಇವಿಷ್ಟನ್ನು ಬಿಟ್ಟು ಯಾರ ಹೊಲಕ್ಕಾದರೂ ನುಗ್ಗಿ ಸೀಸ ಹುಡುಕಬಹುದು. ಸಿಕ್ಕಿತೋ, ನೆಲದ ಮೇಲೆ ಶಿಲುಬೆಯ ಗುರುತು ಹಾಕು. ಬಾರ್‌ಮಾಸ್ಟರ್ ಎಂಬ ಅಧಿಕಾರಿಯನ್ನು ಕರೆದು ಮೊದಲ ಅದಿರಿನಲ್ಲಿ ಒಂದು ಕೊಳಗ ಒಪ್ಪಿಸು. ಗಣಿ ನಿನ್ನದಾಯಿತು. ಅದಿರಿನ ಎಳೆಯ ಉದ್ದಕ್ಕೆ ಎರಡು ‘ಮಿಯರ್’ ನೆಲ ಕಂಡುಹಿಡಿದವನಿಗೆ, ಮೂರನೆಯದು ರಾಜನಿಗೆ. ವರ್ಕ್ಸ್‌ವರ್ತ್ ಕಡೆ ಮಿಯರ್ ಎಂದರೆ 29 ಗಜ. ಮುಂದೆ ತೆಗೆದ ಅದಿರಿನಲ್ಲಿ ಹದಿಮೂರರಲ್ಲೊಂದು ಕೊಳಗ ರಾಜನ ಪಾಲು.

ಗಣಿಯಿಂದ ರಸ್ತೆಗೂ ನೀರಿಗೂ ದಾರಿ ಬೇಕಲ್ಲ? ಅದಕ್ಕೂ ವ್ಯವಸ್ಥೆಯಿತ್ತು. ಬಾರ್‌ಮಾಸ್ಟರ್ ಇಬ್ಬರು ಪಂಚರನ್ನು ಕರೆದುಕೊಂಡು ಹೊಲಕ್ಕೆ ಬರುತ್ತಾನೆ. ಅವರು ಅಕ್ಕಪಕ್ಕ ನಿಂತು, ಕೈ ಚಾಚಿ, ಹತ್ತಿರದ ಹೆದ್ದಾರಿಯವರೆಗೆ ನಡೆಯುತ್ತಾರೆ. ಚಾಚಿದ ಕೈಗಳ ಅಗಲವೇ ದಾರಿಯ ಅಗಲ. ಹೂವಿನವಳು ಎದೆಯ ಮುಂದೆ ಕೈ ಚಾಚಿ ಮಾಲೆ ಅಳೆದುಕೊಡುವುದನ್ನು ಕಂಡ ನಮಗೆ ಮಾರಿನ ಲೆಕ್ಕ ಹೇಳಿಕೊಡಬೇಕಿಲ್ಲ. ಬೆಳೆದು ನಿಂತ ಪೈರಿನ ನಡುವೆ ಹಾಗೆ ಕೈ ಚಾಚಿ ನಡೆದುಹೋಗುವವರನ್ನು ಬದುವಿನ ಮೇಲೆ ನಿಂತು ನೋಡುತ್ತಿದ್ದ ರೈತನನ್ನೂ ನಾನು ನೆನೆಯುತ್ತೇನೆ.

ಹಕ್ಕು ಸುಲಭವಾಗಿ ಸಿಗುತ್ತಿತ್ತು, ಅಷ್ಟೇ ಸುಲಭವಾಗಿ ಹೋಗುತ್ತಿತ್ತು. ಅದಿರು ಮೇಲೆತ್ತಲು ಬಾವಿಯ ಬಾಯಿಗೆ ಮರದ ರಾಟೆ ಕೂರಿಸುತ್ತಿದ್ದರು. ಕೆಲಸ ನಿಲ್ಲಿಸಿದ ಗಣಿಗೆ ಬಾರ್‌ಮಾಸ್ಟರ್ ಬಂದು ಆ ಮರಕ್ಕೆ ಚಾಕುವಿನಿಂದ ಒಂದು ಕಚ್ಚು ಹಾಕುತ್ತಿದ್ದ. ವಾರಕ್ಕೊಂದರಂತೆ ಮೂರು ವಾರಕ್ಕೆ ಮೂರು ಕಚ್ಚು ಬಿದ್ದರೆ ಗಣಿ ಬೇರೆಯವನ ಪಾಲು. ನೀರು ತುಂಬಿಯೋ ಗಾಳಿಯಾಡದೆಯೋ ಕೆಲಸ ನಿಂತಿದ್ದರೆ ಆ ಕಾರಣ ನಡೆಯುತ್ತಿತ್ತು. ದುಡ್ಡಿದ್ದವನು ಹತ್ತು ಗಣಿ ಹಿಡಿದು ಸುಮ್ಮನೆ ಕೂರುವುದಕ್ಕೆ ಇದರಿಂದ ದಾರಿಯೇ ಇರಲಿಲ್ಲ. ಓದಲು ಬಾರದ ಜನಕ್ಕೆ ಆ ಕಚ್ಚುಗಳಿಗಿಂತ ಸ್ಪಷ್ಟವಾದ ನೋಟಿಸು ಬೇಕೇ? ಇದೇ ರಾಟೆ ಘೋರ ಶಿಕ್ಷೆಗೂ ಒದಗುತ್ತಿತ್ತು. ಮೂರನೇ ಸಲ ಅದಿರು ಕದ್ದು ಸಿಕ್ಕಿಬಿದ್ದವನ ಅಂಗೈಗೆ ಹಿಡಿಯವರೆಗೂ ಚಾಕು ಚುಚ್ಚಿ ಈ ಮರಕ್ಕೇ ನೆಡಬೇಕು, ಅವನು ಅಲ್ಲೇ ಸಾಯಬೇಕು ಇಲ್ಲವೇ ಕೈ ಕತ್ತರಿಸಿಕೊಂಡು ಹೋಗಬೇಕು ಎಂದಿತ್ತು ಕಟ್ಟಳೆ. ಬಡವನಿಗೆ ಬಾಗಿಲು ತೆರೆದ ಕಾನೂನಿನಲ್ಲೇ ಈ ಕ್ರೌರ್ಯವೂ ಇದ್ದದ್ದನ್ನು ಮರೆಮಾಚಿ ಬರೆಯಲಾರೆ.

ಡೆವನ್ ಮತ್ತು ಕಾರ್ನ್‌ವಾಲ್‌ನ ತವರದವರ ಕತೆ ಇನ್ನೂ ಒಂದು ಹೆಜ್ಜೆ ಮುಂದೆ. 1201ರಲ್ಲಿ ರಾಜ ಜಾನ್ ಕೊಟ್ಟ ಸನ್ನದಿನ ಪ್ರಕಾರ ಬಿಷಪ್ಪರ, ಮಠಾಧೀಶರ, ದೊಡ್ಡ ಜಮೀನುದಾರರ ನೆಲದಲ್ಲೂ ಅವರು ತವರ ತೋಡಬಹುದಿತ್ತು. ಜೊತೆಗೆ, ತವರದ ಕೆಲಸ ಮಾಡುತ್ತಿರುವಷ್ಟು ಕಾಲ ಅವರು ಜಮೀನುದಾರನ ಕೋರ್ಟಿಗೆ ತಲೆಬಾಗಬೇಕಿಲ್ಲ, ರಾಜನ ವಾರ್ಡನ್ ಒಬ್ಬನಿಗೇ ಉತ್ತರ ಕೊಟ್ಟರೆ ಸಾಕು. ಒಡೆಯನ ಹೊಲಕ್ಕೆ ಕಟ್ಟುಬಿದ್ದ ಜೀತದಾಳು ಗುದ್ದಲಿ ಹಿಡಿದು ಬೋರೆಗೆ ಹೋದರೆ ಬೇರೆಯೇ ನ್ಯಾಯದ ನೆರಳಿಗೆ ಬರುತ್ತಿದ್ದ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇದೇ ಕಾರ್ನ್‌ವಾಲ್‌ನ ಗಣಿಗಾರರು ನಮ್ಮ ಕೋಲಾರದ ಚಿನ್ನದ ಗಣಿಗೂ ಬಂದರು. ಕಸುಬು ತಂದರು, ಹಳೆಯ ಹಕ್ಕು ತರಲಿಲ್ಲ. ಕೆಜಿಎಫ್‌ನಲ್ಲಿ ಗುತ್ತಿಗೆ ಕಂಪನಿಯದು, ತೋಡಿದವನದು ಕೂಲಿ.

ಉಳುವವನೇ ಹೊಲದೊಡೆಯ ಎಂಬ ಮಾತು ನಮ್ಮ ನಾಡಿನಲ್ಲಿ ಉಳುವವನ ಪರವಾಗಿ ಹುಟ್ಟಿತು. ತೋಡುವವನೇ ಗಣಿಯೊಡೆಯ ಎಂದ ಡರ್ಬಿಶೈರ್‌ನಲ್ಲಿ ಉಳುವವನಿಗೇ ಪೆಟ್ಟು ಬಿತ್ತು. ಬಡವ ಬಡವನ ಹೊಲವನ್ನು ತೋಡಿದ, ಎರಡೂ ಕಡೆ ನ್ಯಾಯವಿತ್ತು. ತೀರ್ಪು ಕೊಡು ಎಂದರೆ ನನ್ನ ಮನಸ್ಸು ಗಣಿಗಾರನ ಕಡೆಗೇ ವಾಲುತ್ತದೆ, ಯಾಕೆಂದರೆ ಅವನಿಗೆ ಬೇರೆ ನೆಲವಿರಲಿಲ್ಲ. ಆದರೂ ಆ ರೈತನ ಮುಖ ಕಣ್ಣಿಗೆ ಕಟ್ಟುತ್ತದೆ.

ಅವನಿಗೆ ಉಳಿದದ್ದೇನು ಎಂಬುದು ಈಗಲೂ ಕಾಣುತ್ತದೆ. ಅದಿರಿನ ಎಳೆ ಹೋದ ದಾರಿಯಲ್ಲೇ ಹುಲ್ಲುಗಾವಲಿನ ನಡುವೆ ಗುಂಡಿಗಳ, ಕಲ್ಲುಗುಪ್ಪೆಗಳ ಸಾಲು. ಸೀಸದ ಪುಡಿ ಬಿದ್ದ ಹುಲ್ಲು ಮೇಯ್ದ ದನಗಳು ಕಾಯಿಲೆ ಬಿದ್ದು ಸಾಯುತ್ತಿದ್ದವು. ಆ ಕಾಯಿಲೆಗೆ ಅಲ್ಲಿಯವರು ‘ಬೆಲ್ಯಾಂಡ್’ ಎನ್ನುತ್ತಿದ್ದರು. ದನ ಅತ್ತ ಹೋಗದಿರಲೆಂದು ಜಮೀನಿನವರು ಗುಂಡಿಗಳ ಸಾಲಿಗೆ ಗೋಡೆ ಕಟ್ಟಿ ಬೀಚ್ ಮರಗಳನ್ನು ನೆಟ್ಟರು. ದೂರದಿಂದ ನೋಡಿದರೆ ಬೋಳು ಗುಡ್ಡದ ಮೇಲೆ ಉದ್ದಕ್ಕೆ ಎಳೆದ ಹಸಿರು ಗೆರೆ. ಬೇರೆ ಗಿಡ ಬದುಕದ ಆ ಗುಪ್ಪೆಗಳ ಮೇಲೆ ಬೇಸಿಗೆಯಲ್ಲಿ ಉಗುರಿನಷ್ಟು ಸಣ್ಣ ಬಿಳಿ ಹೂ ಅರಳುತ್ತದೆ. ಅಲ್ಲಿಯವರು ಅದನ್ನು ಸೀಸದ ಗಿಡವೆಂದೇ ಕರೆಯುತ್ತಾರೆ.